ಯಾವ ದಡದ ಹಳದಿ

ಹಳದಿಯೇ ಇರಬೇಕು, ಅಥವಾ ಕಿಟಕಿಯ ಬಿಸಿಲು ತೊಟ್ಟಿಯ ಗಾಜಿಗೆ ಬಿದ್ದು ನನ್ನನ್ನು ಏಮಾರಿಸುತ್ತಿದೆಯೇ, ಇಲ್ಲ, ಮೀನುಮರಿ ತಿರುಗಿತು, ನಿನ್ನೆಯವರೆಗೆ ಬರೀ ಬಿಳಿ ಚುಕ್ಕೆಗಳಿದ್ದ ಕರಿಮೈಯಲ್ಲಿ, ಕಿವಿರಿನ ಹಿಂದೆ, ಒಂದು ಪಟ್ಟಿ ಏಳುತ್ತಿದೆ, ಬಿಎಸ್ಸಿ ಜುವಾಲಜಿ ಫಲಿತಾಂಶದ ದಿನವೂ ನನ್ನೆದೆ ಹೀಗೆ ಹೊಡೆದುಕೊಂಡಿರಲಿಲ್ಲ, ಮೂಡಿಗೆರೆಯ ಗೊಬ್ಬರದಂಗಡಿಯ ಹಿಂದಿನ ಕೋಣೆಯಲ್ಲಿ ಆಫ್ರಿಕಾದ ಟ್ಯಾಂಗನಿಕಾ ಸರೋವರದ ಸಿಕ್ಲಿಡ್ ಮೀನು ಬಣ್ಣ ಬಿಡುತ್ತಿದೆ — ಅಲ್ಲಿ ಒಂದು ದಡದ ಬಂಡೆಗಳಲ್ಲಿ ಬೆಳೆದದ್ದಕ್ಕೆ ಅಗಲವಾದ ಹಳದಿ ಪಟ್ಟಿ, ಇನ್ನೊಂದು ದಡದ್ದಕ್ಕೆ ಕಿರಿದಾದ ಬಿಳಿ ಪಟ್ಟಿ, ಮೀನು ಒಂದೇ, ನಡುವೆ ಮರಳು, ಬಂಡೆಯ ಆಸರೆ ಬಿಟ್ಟು ಮರಳು ದಾಟುವ ಧೈರ್ಯ ಅವಕ್ಕಿಲ್ಲವಂತೆ, ಅದನ್ನು ಓದಿದಾಗ ಅವುಗಳ ಮೇಲೆ ಎಷ್ಟು ಪ್ರೀತಿ ಬಂದಿತ್ತು ನನಗೆ. ನನ್ನ ಹಾಗೇ ಮೀನು ಸಾಕುವ ಸಂಸೆಯ ಧನ್ಯಾ ತಂದುಬಿಟ್ಟ ಹೆಣ್ಣುಮೀನು ಹಳದಿ ದಡದ್ದು, ಅನುಮಾನವಿಲ್ಲ, ಅನುಮಾನವೆಲ್ಲ ನನ್ನ ಗಂಡಿನ ಮೇಲೆ, ಮಂಗಳೂರಿನಿಂದ ತಂದಾಗ ಅದೂ ಚುಕ್ಕೆ ಮರಿ, ಚಿಕ್ಕಂದಿನಲ್ಲಿ ಎಲ್ಲ ದಡದವೂ ಒಂದೇ ಥರ, ಆಮೇಲೆ ನಮ್ಮ ಮೂಡಿಗೆರೆಯ ಮೆದು ನೀರು ಅದಕ್ಕೆ ಒಗ್ಗುವುದಿಲ್ಲವೆಂದು ನಾನು ಕಾಫಿ ತೋಟಕ್ಕೆ ಹಾಕುವ ಸುಣ್ಣವನ್ನೇ ಹಿಡಿಗಟ್ಟಲೆ ಸುರಿದೆ, ಮೀನು ಬಿಳಿಚಿಕೊಂಡಿತು, ಪಟ್ಟಿ ಬಂದಾಗ ಅದೂ ಬಿಳಿಚಿಯೇ ಬಂತು, ನಿನ್ನ ಸುಣ್ಣಕ್ಕೇ ಹಂಗಾಗಿದ್ದು ಮಾರಾಯ, ಒಳಗೆ ಹಳದಿನೇ ಇದೆ ನೋಡ್ತಿರು, ಎಂದಿದ್ದಳು ಧನ್ಯಾ, ನಾನೂ ನಂಬಿದೆ, ಮರಿ ಹಳದಿ ಬಂದ್ರೆ ಇಬ್ರೂ ಸೇರಿ ಬಸ್‌ಸ್ಟ್ಯಾಂಡ್ ಹತ್ರ ಮೀನಿನಂಗಡಿ ಹಾಕೋಣ, ಎಂದೂ ಅವಳೇ ಹೇಳಿದ್ದು, ಇಬ್ರೂ ಸೇರಿ, ಆ ಎರಡು ಪದ ಹಿಡಿದುಕೊಂಡೇ ನಾನು ಸುಣ್ಣದ ಬದಲು ಕಪ್ಪೆಚಿಪ್ಪು ಹಾಕಿದ ಹೊಸ ನೀರಿನಲ್ಲಿ ಈ ಮರಿಗಳನ್ನು ಸಾಕಿದ್ದು, ತಾಯಿಮೀನು ಉಪವಾಸವಿದ್ದು ಬಾಯಿ ತುಂಬ ಅವನ್ನು ಹೊತ್ತು ತಿರುಗಿದ ದಿನಗಳಲ್ಲಿ ನಾನೂ ಅದರೊಂದಿಗೆ ಬಾಯಿ ಮುಚ್ಚಿಕೊಂಡೇ ಇದ್ದೆ. ಏ ಪ್ರಸಾದ, ಮೂಟೆ ಇಳಿಸಕ್ಕೆ ಬಾರೋ, ಮೀನಿನ ಮುಖ ನೋಡ್ತಾ ಕೂತ್ರೆ ಹೊಟ್ಟೆ ತುಂಬುತ್ತಾ, ಅಂಗಡಿಯ ಮಾಲೀಕ ಏಕಾಂತಪ್ಪನವರು, ಬಂದೆ ಅಣ್ಣ, ಬಂದೆ, ಹೋಗುವುದಿಲ್ಲ, ಸಂಸೆ ಕಡೆಯ ಜೀಪಿನ ಸದ್ದು ಕೇಳುತ್ತಿದೆ, ಬಾಗಿಲಲ್ಲಿ ಧನ್ಯಾ, ಚಪ್ಪಲಿಗೆಲ್ಲ ಕೆಂಪು ಮಣ್ಣು, ಎಲ್ಲಿ, ಸರಿ ಆಚೆ, ನಿನ್ನ ತಲೆ ಅಡ್ಡ ಬರುತ್ತೆ, ಎಂದು ನನ್ನನ್ನು ತಳ್ಳಿ ಗಾಜಿಗೆ ಮೂಗು ಒತ್ತುತ್ತಾಳೆ, ತಾಯಿಮೀನು ಮರಿಯ ಪಕ್ಕ ಹಾದುಹೋಯಿತು, ಆಗ ಇಬ್ಬರಿಗೂ ಒಟ್ಟಿಗೇ ಕಂಡಿತು — ತಾಯಿಯದು ಅಚ್ಚ ಅರಿಶಿನ, ಮರಿಯದು ಹಾಲಿಗೆ ಚಿಟಿಕೆ ಅರಿಶಿನ ಬಿದ್ದಂತೆ, ಅಗಲವೂ ಅಲ್ಲ ಕಿರಿದೂ ಅಲ್ಲ, ಸುಣ್ಣದ ತಪ್ಪಲ್ಲ, ಗಂಡು ಬಿಳಿ ದಡದ್ದೇ, ಎರಡು ದಡ ಈ ಗಾಜಿನೊಳಗೆ ಕೂಡಿಬಿಟ್ಟಿವೆ, ಇಂಥ ಬಣ್ಣ ಆ ಸರೋವರದಲ್ಲೇ ಇರಲಾರದು, ಎಷ್ಟು ಚೆಂದ, ದೇವರೇ, ಎಷ್ಟು ಚೆಂದ. ಅವಳು ಜೋರಾಗಿ ನಗುತ್ತಾಳೆ, ಇದು ಆ ದಡದ್ದೂ ಅಲ್ಲ ಈ ದಡದ್ದೂ ಅಲ್ಲ ಮಾರಾಯ, ಮೂಡಿಗೆರೆ ದಡದ್ದು, ಶುದ್ಧ ತಳಿ ಕೇಳೋರು ಯಾರೂ ಇದನ್ನ ತಗಳಲ್ಲ, ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿ, ಮತ್ತೆ, ಅಂಗಡಿ ಕತೆ ಏನು, ಎನ್ನುತ್ತಾಳೆ, ಕೇಳಿ ಕಾಯುತ್ತಾಳೆ, ನಿಜವಾಗಿ ಕಾಯುತ್ತಾಳೆ, ನೀರಿಗೆ ಗಾಳಿ ಊದುವ ಮೋಟಾರು ಗುರ್ರೆನ್ನುತ್ತದೆ, ಆ ಪಟ್ಟಿ ನನ್ನ ಕಣ್ಣ ಮುಂದೆ ತಿರುಗುತ್ತದೆ, ಹೊರಗೆ ಜೀಪಿನ ಹಾರ್ನ್, ಸರಿ ಬಿಡು, ನನ್ನ ಮೀನು ಕವರಿಗೆ ಹಾಕ್ಕೊಡು, ಎನ್ನುತ್ತಾಳೆ, ತಾಯಿಮೀನನ್ನು ಹಾಕಿಕೊಟ್ಟೆ, ಗಂಟು ಬಿಗಿದೆ, ಜೀಪು ಹೊರಟಿತು, ಮತ್ತೆ ಆ ಪಟ್ಟಿ, ಹಾಲಿಗೆ ಬಿದ್ದ ಅರಿಶಿನ, ಆ ಪಟ್ಟಿ —

ಆದರೂ ಇಬ್ರೂ ಸೇರಿ ಅಂಗಡಿ ಹಾಕೋಣ ಎಂದು ನಾನು ಹೇಳಲಿಲ್ಲ.