ಮೂರು ಸಾಲು ಹೊಲಿಗೆ

ಹಳೆಯ ಪುಸ್ತಕವೊಂದರ ಬೆನ್ನಿಗೆ ಅಂಟು ಹಚ್ಚುತ್ತಿದ್ದಾಗಲೇ ಆಸ್ಪತ್ರೆಯಿಂದ ಫೋನು ಬಂತು. ತಂಗಿ ಹೋಗಿಬಿಟ್ಟಿದ್ದಳು. ಕೈ ತೊಳೆಯುವುದನ್ನೂ ಮರೆತು ಅಣ್ಣ ಓಡಿದ. ಮಧ್ಯಾಹ್ನದ ಹೊತ್ತಿಗೆ ಶವ ಮನೆಗೆ ಬಂದಿತ್ತು. ಅದಕ್ಕೆ ತೊಡಿಸಲು ಒಳ್ಳೆಯ ಅಂಗಿಯೊಂದನ್ನು ಅವನೂ ತಂಗಿಯ ಮಗಳೂ ಕಪಾಟಿನಲ್ಲಿ ಹುಡುಕುತ್ತಿದ್ದರು.

"ಆ ನೀಲಿದು ಕೊಡಮ್ಮ. ಅವಳಿಗೆ ಅದಂದ್ರೆ ಪ್ರಾಣ."

ಹುಡುಗಿ ಅಂಗಿಯ ಒಳಮೈ ತಿರುವಿದಳು. "ಮಾವ, ಇಲ್ನೋಡಿ."

ಬದಿಯಲ್ಲಿ ಮೂರು ಸಾಲು ಹೊಲಿಗೆ, ಒಂದಕ್ಕಿಂತ ಒಂದು ಒಳಕ್ಕೆ. ಊರವರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು, ತಾನು ಸೊರಗುತ್ತಿದ್ದುದು ಯಾರ ಕಣ್ಣಿಗೂ ಬೀಳದಂತೆ ತನ್ನ ಬಟ್ಟೆಗಳನ್ನು ಬಿಗಿಮಾಡಿಕೊಳ್ಳುತ್ತ ಬಂದಿದ್ದಳು.

ಶವದ ಪಕ್ಕ ಕುಳಿತಿದ್ದ ಸೋದರತ್ತೆ ಮೂಗು ಒರೆಸಿಕೊಂಡಳು. "ಗೊತ್ತಾಗಿ ಹನ್ನೆರಡೇ ದಿನ! ನಮ್ಮಪ್ಪ, ನಿಮ್ಮಪ್ಪ, ಹೊಟ್ಟೆ ಕ್ಯಾನ್ಸರ್‌ನಲ್ಲಿ ಹೋದೋರೆಲ್ಲ ಗಂಡಸರೇ ಅಲ್ವೇನೋ? ಇವಳಿಗೆ ಹೇಗೋ ಬಂತು?"

ಅಣ್ಣ ಅಂಗಿ ತೆಗೆದುಕೊಂಡು ಹೊಲಿಗೆ ಕಾಣದಂತೆ ತಿರುವಿದ.

*

ಹೋದ ವರ್ಷ ಡಾಕ್ಟರು ಹಾಳೆಯೊಂದರಲ್ಲಿ ಅಣ್ಣ ತಂಗಿಯರ ವಂಶವನ್ನು ಬರೆದಿದ್ದರು: ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಈ ಕಾಯಿಲೆಯಿಂದ ಸತ್ತವರ ಚೌಕಗಳಿಗೆ ಕಪ್ಪು ತುಂಬಿದ್ದರು.

"ಇದು ಹುಟ್ಟಿನಿಂದಲೇ ಇಳಿದು ಬರೋ ದೋಷ. ಗಂಡಸರಿಗೆ ಅಪಾಯ ಹೆಚ್ಚು, ಹೆಂಗಸರಿಗೆ ಕಡಿಮೆ. ಕಡಿಮೆ ಅಂದ್ರೆ ಇಲ್ಲ ಅಂತಲ್ಲ. ತಂಗೀನೂ ಕರ್ಕೊಂಡು ಬನ್ನಿ."

ಅವನ ರಕ್ತದಲ್ಲಿ ದೋಷ ಸಿಗಲಿಲ್ಲ. ಸುದ್ದಿ ಕೇಳಿ ತಂಗಿ ಸಂತೋಷಕ್ಕೆ ಅತ್ತೇಬಿಟ್ಟಳು. ಆಮೇಲೆ ಮೆಲ್ಲಗೆ, "ನಾನೂ ತೋರಿಸ್ಕೊಳ್ಲಾ ಅಣ್ಣ? ಯಾಕೋ ಊಟ ಸೇರ್ತಿಲ್ಲ," ಎಂದಳು.

"ನಿನಗೇನು ಮೀಸೆ ಬಂದಿದೆಯಾ? ಗ್ಯಾಸು ಕಣೇ, ಸುಮ್ನಿರು."

ತಂಗಿ ಇಲ್ಲದ ಮೀಸೆ ತಿರುವಿ ನಕ್ಕಳು. ಮತ್ತೆಂದೂ ಕೇಳಲಿಲ್ಲ.

*

ಹೆಂಗಸರು ನೀಲಿ ಅಂಗಿ ತೊಡಿಸಿದರು. ಮೂರನೆಯ ಹೊಲಿಗೆಗೂ ಅದು ಸಡಿಲವಾಗಿಯೇ ಇತ್ತು.

ಕೊನೆಯ ಪ್ರಾರ್ಥನೆಗೆಂದು ಅಣ್ಣ ತನ್ನ ಪುಸ್ತಕ ಬಿಚ್ಚಿದ. ತಾನು ಉಳಿದೆನೆಂದು ಹೋದ ವರ್ಷ ದೇವರನ್ನು ನೆನೆದು ಅದರೊಳಗೆ ಮಡಿಸಿಟ್ಟಿದ್ದ ಡಾಕ್ಟರ ಹಾಳೆ ನೆಲಕ್ಕೆ ಬಿತ್ತು. ಹುಡುಗಿ ಎತ್ತಿಕೊಂಡು ನೋಡಿದಳು. ಅವಳ ತಾಯಿಯ ಸೊನ್ನೆ ಖಾಲಿಯಾಗಿತ್ತು. ಅದರ ಕೆಳಗೆ ಒಂದು ಗೆರೆಯೂ ಇರಲಿಲ್ಲ.

"ಇದ್ರಲ್ಲಿ ನಾನೆಲ್ಲಿದ್ದೀನಿ ಮಾವ?"

"ನಾಳೆ ಬೆಳಗ್ಗೇನೇ ಡಾಕ್ಟ್ರ ಹತ್ರ ಹೋಗೋಣ, ನನ್ನವ್ವ. ನಾಳೇನೇ."

 ಹುಡುಗಿಯ ಬೆರಳುಗಳು ತಾನು ತೊಟ್ಟಿದ್ದ ಅಂಗಿಯ ಬದಿಯ ಹೊಲಿಗೆಯನ್ನು ತಡವುತ್ತಿದ್ದವು.

ಅಂಟು ಒಣಗಿದ ಕೈಗಳನ್ನು ಅಣ್ಣ ಜೋಡಿಸಿದ.

"ದೇವರೇ, ನನ್ನ ತಂಗಿಗೆ ಶಾಂತಿ ಕೊಡು. ಅವಳ ಹೊಟ್ಟೆಯ ಉರಿ ಆರಲಿ. ಈ ಮಗೂನ..."

ಅವನ ಕಣ್ಣು ಹುಡುಗಿಯ ಬೆರಳುಗಳ ಮೇಲಿತ್ತು.