ಷಡ್ಡಕನ ಮಾತ್ರೆ

ಪೊರಿಂಜುವಿಗೆ ದಿನಕ್ಕೆ ಎರಡು ಮಾತ್ರೆ, ಲೋನಪ್ಪನಿಗೆ ಒಂದು ಮಾತ್ರ. ನಮ್ಮ ಛಂದಸ್ಸಿನ ಲೆಕ್ಕದಲ್ಲಿ ಷಡ್ಡಕ ಗುರು, ಇವನು ಲಘು. ಲೋನಪ್ಪನಿಗೆ ಛಂದಸ್ಸು ಗೊತ್ತಿರಲಿಲ್ಲ, ಲಘುವಾಗಿ ಬಾಳುವ ಸಂಕಟ ಮಾತ್ರ ಚೆನ್ನಾಗಿ ಗೊತ್ತಿತ್ತು.

ಕೇರಳದ ಒಲ್ಲೂರಿನ ಅಕ್ಕತಂಗಿಯರನ್ನು ಮದುವೆಯಾದಾಗಿನಿಂದ ಇದೇ ಹಾಡು. ಅಕ್ಕ ತ್ರೇಸ್ಯಾಳ ಕೈ ಹಿಡಿದ ಪೊರಿಂಜು ಹಿರಿಯಳಿಯ. ಮಾವನ ಮನೆಯಲ್ಲಿ ಮೀನಿನ ತಲೆ ಅವನ ತಟ್ಟೆಗೆ. ತಂಗಿ ಏಲಿಯಾಳ ಗಂಡ ಲೋನಪ್ಪನಿಗೆ ಬಾಲದ ತುಂಡು. ಇವನು ಮೊದಲಿಗನಾದದ್ದು ಎದೆಯ ವಿಷಯದಲ್ಲೊಂದೇ. ಇಗರ್ಜಿಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ, ಪರೀಕ್ಷೆ ಮಾಡಿಸಿ, ಆಸ್ಪತ್ರೆಗೆ ತಾನೇ ನಡೆದು ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದ. ಕುಟುಂಬದ ಮೊದಲ ಸ್ಟೆಂಟ್! ನೋಡಲು ಬಂದವರು ತಂದ ಕಿತ್ತಳೆ ಮುಗಿಯುವುದಕ್ಕೂ ಪುರಸತ್ತು ಕೊಡದೆ ಪೊರಿಂಜು ಊಟದ ಮಧ್ಯೆ ಕುಸಿದುಬಿದ್ದ. ಭಾರೀ ಹೃದಯಾಘಾತ, ಬೊಬ್ಬೆ ಹೊಡೆಯುತ್ತ ಬಂದ ಆಂಬುಲೆನ್ಸ್, ಪಾದ್ರಿಗಳ ವಿಶೇಷ ಪ್ರಾರ್ಥನೆ. ಊರಿನ ಕಿತ್ತಳೆಯೆಲ್ಲ ಆ ಮನೆಗೆ ಉರುಳಿತು.

ಡಾಕ್ಟರ್ ಒಬ್ಬರೇ, ಸುಭದ್ರಾ ವಾರ್ಯರ್. ಆಸ್ಪಿರಿನ್ ಇಬ್ಬರಿಗೂ ಸಮ. ರಕ್ತ ಹೆಪ್ಪುಗಟ್ಟದಿರಲೆಂದು ಅದರ ಜೊತೆ ಕೊಟ್ಟ ಇನ್ನೊಂದು ಮಾತ್ರೆಯಲ್ಲೇ ಭೇದ: ಇವನಿಗೆ ದಿನಕ್ಕೊಂದು ಹಳೆಯ ಕ್ಲೊಪಿಡೊಗ್ರೆಲ್, ಅವನಿಗೆ ಎರಡು ಹೊತ್ತೂ ಹೊಸ ಟೈಕಾಗ್ರೆಲಾರ್.

ಲೋನಪ್ಪ ಒಲ್ಲೂರಿಗೇ ಹೆಸರಾದ ಮಿಮಿಕ್ರಿಗಾರ. ನನಗೂ ಹೊಸದನ್ನೇ ಬರೆದುಕೊಡಿ ಎಂದು ಕೇಳಿ ಬೈಸಿಕೊಂಡು ಬಂದವನು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಹೆಂಡತಿಯ ಮುಂದೆ ಸಾಕ್ಷಾತ್ ಡಾಕ್ಟರಮ್ಮನೇ ಆದ. "ಲೋನಪ್ಪನ್ ಚೇಟ್ಟಾ, ಅವರ ರಕ್ತನಾಳದಲ್ಲಿ ಹೆಪ್ಪು ಕೂತಿತ್ತು, ಅದಕ್ಕೇ ಜೋರು ಔಷಧಿ. ನಿಮಗಾಗಿದ್ದು ಆಘಾತ ಅಲ್ಲ. ಸಾಲದ್ದಕ್ಕೆ ಹಿಂದೊಮ್ಮೆ ಹೊಟ್ಟೆ ಹುಣ್ಣಾಗಿ ರಕ್ತ ಕಾರಿಕೊಂಡವರು ನೀವು. ಆ ಮಾತ್ರೆ ಕೊಟ್ಟರೆ ಎದೆ ಉಳಿದು ಹೊಟ್ಟೆ ಕೈಕೊಟ್ಟೀತು!"

"ಸರಿಯಾಗೇ ಹೇಳಿದಾರಲ್ಲ" ಎಂದಳು ಏಲಿಯಾ, ನಗು ತಡೆಯಲಾರದೆ.

"ಏನು ಸರಿ? ಇಲ್ಲೂ ತಲೆ ಅವನಿಗೆ, ಬಾಲ ನನಗೆ!"

ಭಾನುವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ಪೊರಿಂಜುವಿನ ಜಗಲಿಯಲ್ಲಿ ಇಸ್ಪೀಟು. ಗಂಡಂದಿರು ಒಂದು ಜೋಡಿ, ಅಕ್ಕತಂಗಿ ಇನ್ನೊಂದು. ಸೋತವರ ಕಿವಿಗೆ ಕುಣುಕ್ಕು ಎಂಬ ಶಿಕ್ಷೆಯ ಓಲೆ. ಹಿಂದೆಲ್ಲ ಹಲಸಿನೆಲೆಯ ತೊಟ್ಟು ಸಿಕ್ಕಿಸುತ್ತಿದ್ದರು, ಈಗ ಬಟ್ಟೆ ಒಣಹಾಕುವ ಕ್ಲಿಪ್ಪು. ಮುಂದಿನ ಆಟ ಗೆಲ್ಲುವ ತನಕ ತೆಗೆಯುವಂತಿಲ್ಲ. ಆ ಭಾನುವಾರ ಗಂಡಂದಿರು ಸೋತರು. ಕ್ಲಿಪ್ಪು ತೆಗೆದಾಗ ಪೊರಿಂಜುವಿನ ಕಿವಿ ನೇರಳೆ ಹಣ್ಣಿನಂತೆ ನೀಲಿಗಟ್ಟಿತ್ತು. ಲೋನಪ್ಪನದು ಸ್ವಲ್ಪ ಕೆಂಪಾಗಿ ಸುಮ್ಮನಾಯಿತು.

"ನೋಡೋ ಲೋನಾ, ಹೊಸ ಮಾತ್ರೆ ಅಂದ್ರೆ ಇದು!" ಪೊರಿಂಜು ಕಿವಿಯನ್ನು ಪದಕದ ಹಾಗೆ ತೋರಿಸಿದ. "ಮುಟ್ಟಿದರೆ ಸಾಕು, ನೀಲಿ. ನೀನು ನುಂಗ್ತಿರೋದು ಮಾತ್ರೆನೋ, ಕಡಲೆಬೇಳೆನೋ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಷಡ್ಡಕನ ಕಾರು ಕಂಡು ಕರುಬಿದ್ದುಂಟು, ಸೋಫಾ ಕಂಡು ಕರುಬಿದ್ದುಂಟು. ಗಾಯ ಕಂಡು ಕರುಬಿದ್ದು ಲೋನಪ್ಪನಿಗೂ ಹೊಸ ಅನುಭವ. ಸೇಡಿಗೆ ಅವನು ಪೊರಿಂಜುವನ್ನೇ ಅಣಕಿಸಿದ. ಆ ಮಾತ್ರೆ ಶುರುವಾದಾಗಿನಿಂದ ಪೊರಿಂಜುವಿಗೆ ಮಾತಿನ ನಡುವೆ ಉಸಿರು ಕಡಿಮೆ ಬೀಳುತ್ತಿತ್ತು. "ತ್ರೇಸ್ಯಾ... ಎಲೆ... ಹಾಕೇ..." ಎಂದು ಲೋನಪ್ಪ ಮೀನಿನಂತೆ ಬಾಯಿ ತೆರೆದಾಗ ಪೊರಿಂಜುವಿನ ಮುಖ ಚಿಕ್ಕದಾಯಿತು.

ನೀರು ಕುಡಿಯಲು ಒಳಗೆ ಹೋದರೆ, ಫ್ರಿಜ್ಜಿನ ಮೇಲೆ ಆ ಮಾತ್ರೆಗಳ ರಾಶಿ. ಒಂದು ಪಟ್ಟಿ ಲೋನಪ್ಪನ ಮುಂಡಿನ ಮಡಿಕೆಗೆ ಸೇರಿತು.

ಮರುದಿನದಿಂದ ಸ್ವಂತ ಮಾತ್ರೆ ಡ್ರಾಯರಿನಲ್ಲೇ ಮಲಗಿತು. ಬೆಳಿಗ್ಗೆ ಒಂದು, ರಾತ್ರಿ ಒಂದು ಪೊರಿಂಜುವಿನದು. ಅಂತೂ ಗುರುವಾದೆ! ಎರಡು ದಿನ ಎದೆಯುಬ್ಬಿಸಿ ನಡೆದ. ಆಮೇಲೆ ಉಬ್ಬಿಸಲು ಗಾಳಿಯೇ ಸಾಲದಾಯಿತು. ಕುಳಿತಲ್ಲೇ ಏದುಸಿರು. ಔಷಧಿ ಜೋರು ಅಂದರೆ ಹೀಗೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮುಂದಿನ ಭಾನುವಾರವೂ ಸೋಲು, ಕಿವಿಗೆ ಕ್ಲಿಪ್ಪು. ಎಲೆ ಹಂಚುತ್ತಿದ್ದ ಲೋನಪ್ಪನ ಕೈ ನಿಂತಿತು.

"ಏಲಿಯಾ... ನಂಗೆ... ಉಸಿರು..."

"ಅಯ್ಯೋ, ಥೇಟ್ ಇವರೇ!" ತ್ರೇಸ್ಯಾ ತೊಡೆ ತಟ್ಟಿಕೊಂಡು ನಕ್ಕಳು.

"ತಮಾಷೆ... ಅಲ್ಲ... ಚೇಚಿ..."

ನಗು ಇನ್ನೂ ಜೋರಾಯಿತು. ಪೊರಿಂಜು ಕೂಡ ಮುನಿಸು ಮರೆತು ಚಪ್ಪಾಳೆ ಹೊಡೆದ. "ಕಳ್ಳ! ನನಗಿಂತ ಚೆನ್ನಾಗಿ ನಾನಾಗ್ತಾನೆ!" ಜೀವಮಾನದಲ್ಲಿ ಲೋನಪ್ಪನಿಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ, ಅಷ್ಟು ಹೆದರಿಕೆಯೂ ಆಗಿರಲಿಲ್ಲ.

ಪಾಪ, ಸಾಕು ಎಂದು ಏಲಿಯಾ ಅವನ ಕ್ಲಿಪ್ಪು ತೆಗೆದಳು. ಕಿವಿ ನೇರಳೆ ಬಣ್ಣ. ಅವಳು ಪೊರಿಂಜುವಿನ ಕಿವಿ ನೋಡಿದಳು, ಮತ್ತೆ ಗಂಡನದನ್ನು ನೋಡಿದಳು. ಅವಳ ನಗು ನಿಂತುಹೋಯಿತು.

"ಏನ್ರೀ ಮನುಷ್ಯಾ, ದನಿ ಕದ್ದಿರಿ, ಸರಿ. ಬಣ್ಣ ಎಲ್ಲಿಂದ ಕದ್ರಿ?"

ಲೋನಪ್ಪ ಮುಂಡಿನ ಮಡಿಕೆಯಿಂದ ಅರೆಬರಿದಾದ ಪಟ್ಟಿ ತೆಗೆದಿಟ್ಟ.

"ಕಕ್ಕಸು ಕಪ್ಪಗೆ ಹೋಗ್ತಿದೆಯಾ?" ಹಳೆಯ ಹುಣ್ಣು ನೆನಪಾಗಿ ಏಲಿಯಾ ಕೇಳಿದಳು.

ತಲೆ ತಗ್ಗಿಸಿದ. "ಬೆಳಿಗ್ಗೆಯಿಂದ."

ಕಾರು ಓಡಿಸಿದವಳು ತ್ರೇಸ್ಯಾ. ಹಿಂದಿನ ಸೀಟಿನಲ್ಲಿ ಷಡ್ಡಕರು ಒಂದೇ ತಾಳದಲ್ಲಿ ಏದುತ್ತ ಕುಳಿತರು.

"ಕೇಳಿದ್ರೆ... ಕೊಡ್ತಿದ್ದೆ ಅಂದ್ಕೊಂಡ್ಯಾ? ಒದೀತಿದ್ದೆ" ಎಂದ ಪೊರಿಂಜು. ಆಮೇಲೆ ಇವನ ಕಡೆ ಹೊರಳಿ, "ಮಲಗಿದ್ರೆ ಉಸಿರು ಕಟ್ಟುತ್ತೆ ಕಣೋ. ದಿಂಬಿಗೆ ಒರಗಿ ಕೂತು ನಿನ್ನನ್ನೇ ನೆನೆಸ್ಕೋತೀನಿ. ಒಂದೇ ಮಾತ್ರೆ ನುಂಗಿ ಗೊರಕೆ ಹೊಡೀತಿರ್ತಾನೆ, ಪಾಪಿ, ಅಂತ."

ಆ ಮಾತು ಲೋನಪ್ಪನೊಳಗೆ ಎಲ್ಲೋ ಒಂದು ಕಡೆ ಕಿತ್ತಳೆಯಂತೆ ಸಿಹಿಯಾಗಿ ಇಳಿಯಿತು. ತನ್ನನ್ನು ಕಂಡು ಪೊರಿಂಜು ಕರುಬುತ್ತಾನೆ!

ಆಸ್ಪತ್ರೆಯಲ್ಲಿ ರಕ್ತ ನಿಂತಿತು, ಬೈಗುಳ ನಿಲ್ಲಲಿಲ್ಲ. ಬಿಡುಗಡೆಯ ದಿನ ಡಾಕ್ಟರಮ್ಮ ಹೊಟ್ಟೆಗೊಂದು ಮಾತ್ರೆ ಸೇರಿಸಿ, ಹಳೆಯ ಕ್ಲೊಪಿಡೊಗ್ರೆಲನ್ನೇ ಅವನ ಕೈಗಿಟ್ಟರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಪೊರಿಂಜುವಿನ ಕಡೆ ತಿರುಗಿದರು. "ನಿಮಗೆ ಉಸಿರಿನ ತೊಂದರೆ ಇಷ್ಟಿದ್ದರೆ ಮೊದಲೇ ಹೇಳಬೇಕಿತ್ತು. ಪರೀಕ್ಷೆ ಮಾಡಿ ನೋಡೋಣ, ಎಲ್ಲ ಸರಿಯಿದ್ದರೆ ನಿಮ್ಮನ್ನೂ ಇದಕ್ಕೇ ಬದಲಾಯಿಸ್ತೀನಿ."

ಪೊರಿಂಜುವಿನ ಮುಖ ಅರಳಿತು. ಲೋನಪ್ಪನ ಕೈ ತಾನಾಗಿಯೇ ಮಾತ್ರೆಯ ಪಟ್ಟಿಯನ್ನು ದಿಂಬಿನಡಿಗೆ ತಳ್ಳಿತು.

"ಅವರಿಗೆ ಬೇರೆ ಏನಾದ್ರೂ ನೋಡಿ ಡಾಕ್ಟರೇ" ಎಂದ, ಈ ಸಲ ಅಪ್ಪಟ ತನ್ನದೇ ದನಿಯಲ್ಲಿ. "ಇದು ನಂದು."