ಒಂದರ ಹಿಂದೆ ಅದೇ ಒಂದು

ಕೆಮ್ಮು, ಮೊದಲು ಕೇಳಿಸಿದ್ದು ಕೆಮ್ಮು, ಆಮೇಲೆ ಅವರೆಕಾಳು ಮೊರಕ್ಕೆ ಬೀಳುವ ಸದ್ದು, ಅದರ ಮೇಲೆ ಅಜ್ಜಿಯ ದನಿ — ಕಾರಿನ ಹಿಂದಿನ ಸೀಟಿನಲ್ಲಿ ಕೂತ ಶಿವರಂಜನಿಯ ತಲೆಯ ಹಿಂದಿನ ಸ್ಪೀಕರಿನಿಂದ, ಕಿವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರದಿಂದ, ಸೋಬಾನೆ ಪದ, ಸುಗ್ಗಿಯಲ್ಲಿ ಮಣ್ಣಿಗಿಟ್ಟ ಗುರುಸಿದ್ದಮ್ಮ ಬದುಕಿರುವವಳ ಹಾಗೆ ನಡುನಡುವೆ ಉಸಿರೆಳೆದುಕೊಂಡು ಹಾಡುತ್ತಿದ್ದಾಳೆ, ಯಳಂದೂರಿನ ಕೊನೆಯ ಮನೆಗಳು ಹಿಂದೆ ಸರಿಯುತ್ತಿವೆ, ಇದು ಇಲ್ಲಿಗೆ ಹೇಗೆ ಬಂತು, ಇದು ಅಳಿಸಿ ಹೋಗಿತ್ತಲ್ಲ, ಎಂಗೆ ಅಂದ ಗಂಡ ಶಾಂತಮೂರ್ತಿ, ಸ್ಟೇರಿಂಗಿನಿಂದ ಕೈ ತೆಗೆಯದೆ, ಕನ್ನಡಿಯಲ್ಲಿ ಬರೀ ಕಣ್ಣು ಕಾಣುವ ಹಾಗೆ, ನಿಂಗೋಸ್ಕರ್ವೆ ಮೊದಲ್ನೇದಾಗಿ ಆಕಿವ್ನಿ ಕಣೆ, ಖುಷಿ ಆಯ್ತಾ, ಅವಳು ಹೂಂ ಅಂದಳು, ಒಂದು ಗಳಿಗೆ ನಿಜಕ್ಕೂ ಖುಷಿಯೇ ಆಯಿತು, ಅವ್ವ ಹೇಳಿದ್ದೇ ಸರಿಯೇನೋ, ಗಂಡ ಅಂದ್ಮೇಲೆ ಒಂದು ಮಾತು ಬತ್ತದೆ ಓಯ್ತದೆ, ಅವ್ರೇ ಮನೆ ಬಾಗ್ಲಿಗೆ ಬಂದವ್ರೆ ಓಗವ್ವ ಅಂದಿದ್ದಳು ಬೆಳಿಗ್ಗೆ, ಮಗಳ ತಲೆಗೆ ಹೂವು ಮುಡಿಸುತ್ತ, ಅವನು ಹಿತ್ತಾಳೆ ಲೋಟದಲ್ಲಿ ಕಾಫಿ ಕುಡಿದು ಅತ್ತೆಯ ಕಾಲಿಗೆ ಬಿದ್ದಿದ್ದ, ಮುಂದಿನ ಸೀಟಿನಲ್ಲಿ ಹಲಸಿನಹಣ್ಣು ಇಟ್ಟು ನೀನು ಹಿಂದೆ ಕೂತ್ಕೊ ಅಂದಿದ್ದ, ಮದುವೆಯಾದಾಗಿನಿಂದ ಅವಳು ಹಿಂದೆ ಕೂತವಳೇ ಅಲ್ಲ, ಹಲಸಿನಹಣ್ಣಿಗೆ ಹಿಂದೆ ಜಾಗವಿತ್ತು.

ಕಾರಿನ ಹಾಡಿನ ಸೆಟ್ಟಿಗೆ ಸಿಕ್ಕಿಸಿದ ಪೆನ್‌ಡ್ರೈವು ಅದೇ, ಕರಿಯದು, ಅವನದು, ಅದರಲ್ಲಿ ಹಾಡುಗಳನ್ನು ಯಾವುದರ ಹಿಂದೆ ಯಾವುದು ಅಂತ ಅವನೇ ಸಾಲು ಹಿಡಿಸಿದ್ದ, ಮೊದಲು ದೇವರದು, ಆಮೇಲೆ ಅವನ ಕಾಲೇಜು ದಿನದ್ದು, ಆಮೇಲೆ ಮಿಕ್ಕವು, ಸಾಲು ತಪ್ಪುವ ಹಾಗಿಲ್ಲ, ರಾಮಾಪುರದ ಆ ಗಂಡನ ಮನೆಯಲ್ಲಿ ಯಾವುದೂ ಸಾಲು ತಪ್ಪುವ ಹಾಗಿರಲಿಲ್ಲ, ಮೊದಲು ಯಾರ ಸ್ನಾನ, ಮೊದಲು ಯಾರ ತಟ್ಟೆ, ತವರಿಗೆ ಫೋನು ಮಾಡುವುದು ಎಲ್ಲ ಮುಗಿದ ಮೇಲೆ, ಅವಳು ಕೊಳ್ಳೇಗಾಲದ ಮೊಬೈಲ್ ಅಂಗಡಿಯಲ್ಲಿ ತನ್ನ ಫೋನಿನಿಂದ ಅಜ್ಜಿಯ ಪದವೊಂದನ್ನು ಅದಕ್ಕೆ ಹಾಕಿಸಿದ್ದಳು ಅಷ್ಟೆ, ಕೊನೆಯಲ್ಲಿ ಸೇರಿಸಿದ್ದು ಕೊನೆಯಲ್ಲೇ ಬರುತ್ತದೆ, ಅಷ್ಟು ದೂರದವರೆಗೆ ಯಾರು ಕೇಳುತ್ತಾರೆ ಅಂದುಕೊಂಡಳು, ಮೈಸೂರಿನಿಂದ ವಾಪಸು ಬರುವಾಗ ಹಾಡೆಲ್ಲ ಮುಗಿದು ಆ ಕೆಮ್ಮು ಬಂತು, ಅವನು ಕಾರು ನಿಲ್ಲಿಸಿದ, ಯಾರ್ ಆಕಿದ್ದು ಇದ, ಮನೆಗೆ ಬಂದವನೇ ಪೆನ್‌ಡ್ರೈವನ್ನು ಪೂರ್ತಿ ಅಳಿಸಿದ, ಅವಳ ಫೋನು ಕಸಿದು ಅದರಲ್ಲಿದ್ದುದನ್ನೂ ತೆಗೆದ, ಸೆಟ್ಟು ಹೆಸರು ನೋಡಕಿಲ್ಲ ಕಣೆ, ಯಾವ್ದು ಮೊದ್ಲು ಒಳೀಕೆ ಓಯ್ತೋ ಅದನ್ನೇ ಮೊದ್ಲು ಹಾಡ್ತದೆ, ಕೂತು ಕಲ್ತುಕೊ, ಅವಳು ಹಾಡುಗಳ ಹೆಸರು ಓದಬೇಕು, ಅವನು ಒಂದೊಂದನ್ನೇ ಒಳಗೆ ತಳ್ಳಬೇಕು, ಓದು ತಡವರಿಸಿದಾಗ ಕೆನ್ನೆಗೆ ಬಿತ್ತು, ಜೋರಾಗಿ ಅಲ್ಲ, ಲೆಕ್ಕ ತಪ್ಪಿದ ಮಗುವಿಗೆ ಮೇಷ್ಟ್ರು ಹೊಡೆಯುವಷ್ಟು, ಅದಕ್ಕೇ ಯಾರಿಗೂ ಹೇಳಲಾಗಲಿಲ್ಲ.

ಆಮೇಲೆ ಅಜ್ಜಿ ಹೋದಳು, ಬೆಳಿಗ್ಗೆಯೇ ಫೋನು ಬಂದಿತ್ತು, ಅವನು ಹೇಳಿದ, ಮೊದಲು ನನ್ನ ತಂಗಿ ಮಗೀನ ನಾಮಕರಣ, ಅದಾದ್ಮೇಲೆ ನಿಮ್ಮಜ್ಜಿ, ಅವಳು ಯಳಂದೂರಿಗೆ ಮುಟ್ಟುವಷ್ಟರಲ್ಲಿ ಗುಂಡಿ ಮುಚ್ಚಿತ್ತು, ಹಸಿ ಮಣ್ಣಿನ ಮೇಲೆ ಕೈಯಿಟ್ಟು ಕೂತವಳು ಮತ್ತೆ ರಾಮಾಪುರಕ್ಕೆ ಹೋಗಲಿಲ್ಲ, ಮುಖ ನೋಡಲಿಲ್ಲ, ದನಿಯೂ ಉಳಿಯಲಿಲ್ಲ ಅಂತ ಅತ್ತದ್ದು ಎಷ್ಟು ದಿನ — ಉಳಿದಿತ್ತಲ್ಲ, ಅವನ ಹತ್ತಿರ ಉಳಿದಿತ್ತು, ಅಳಿಸುವ ಮೊದಲು ತೆಗೆದಿಟ್ಟುಕೊಂಡಿದ್ದ, ಇವಳು ಅಳುವುದನ್ನು ಫೋನಿನಲ್ಲಿ ಕೇಳುತ್ತಲೇ ಇಟ್ಟುಕೊಂಡಿದ್ದ, ಪದ ಮುಗಿಯುತ್ತ ಬಂತು, ಸಾಕಾ ಕೂಸೇ, ಇನ್ನೂ ಒಂದ್ ಪದ ಏಳ್ಲಾ ಅಂದಳು ಅಜ್ಜಿ, ಹಾಡು ನಿಂತಿತು, ಸೆಟ್ಟಿನ ಹಸಿರು ಅಂಕಿ ಒಂದು ಹೋಗಿ ಎರಡಾಯಿತು, ಕೆಮ್ಮು, ಅವರೆಕಾಳು, ಅದೇ ಪದ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಮೂರು, ಊರು ದಾಟಿ ಹನೂರಿನ ರಸ್ತೆಯಲ್ಲಿ ನಾಲ್ಕು, ಐದು, ಬೇರೆ ಇಲ್ವಾ ರೀ, ಇಲ್ಲ, ಎಲ್ಲಾ ಅದೇಯ, ಬೇರೆಬೇರೆ ನಂಬರ್ ಕೊಟ್ಟು ಅದ್ನೇ ತುಂಬಿವ್ನಿ, ನಿಂಗೆ ಬೇಕಾಗಿತ್ತಲ್ಲ, ಕೇಳು, ಅವನ ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು, ಆಫ್ ಮಾಡಿ ಅಂದಳು, ರಾಮಾಪುರ ಬರ್ಲಿ, ಮನೇಲೂ ಇದೇಯ, ಕೇಳ್ತಾ ಇರು, ಅಜ್ಜಿ ಏಳನೆಯ ಸಲ ಕೆಮ್ಮಿದಳು, ಆ ಕೆಮ್ಮು ಅಜ್ಜಿಯದಲ್ಲ ಅನ್ನಿಸತೊಡಗಿತು, ಮಣ್ಣಿನಡಿಯಿಂದ ಯಾರೋ ತನಗೆ ಪಾಠ ಒಪ್ಪಿಸು ಅನ್ನುತ್ತಿದ್ದಾರೆ, ಇನ್ನು ಸ್ವಲ್ಪ ಹೊತ್ತು ಹೀಗೇ ಕೇಳಿದರೆ ಅಜ್ಜಿಯನ್ನೇ ಕಂಡರಾಗದು, ಅದೇ ಅವನಿಗೆ ಬೇಕಾದದ್ದು.

ಹನೂರಿನಲ್ಲಿ ಎದುರಿಗೆ ಎತ್ತಿನಗಾಡಿ, ಕಾರು ನಿಂತಿತು, ಬಾಗಿಲ ಹಿಡಿ ಎಳೆದಳು, ಬರಲಿಲ್ಲ, ಮಕ್ಕಳು ಬೀಳದಿರಲಿ ಅಂತ ಹಾಕುವ ಲಾಕು, ಮಕ್ಕಳಿಲ್ಲದ ಕಾರಿನಲ್ಲಿ, ಕನ್ನಡಿಯ ಕಣ್ಣು ಅವಳ ಮೇಲೆಯೇ ಇತ್ತು, ಎಲ್ಗೆ ಓದೀಯೆ, ಗಾಜು ಇಳಿಸುವ ಹಿಡಿ ಗರಗರ ತಿರುಗಿಸಿದಳು, ತೋಳು ಹೊರಗೆ ತೂರಿಸಿ ಆಚೆಯಿಂದ ಬಾಗಿಲು ತೆಗೆದಳು, ಅದು ತೆರೆದುಕೊಂಡದ್ದು ನೋಡಿ ಅವಳಿಗೇ ಆಶ್ಚರ್ಯ, ಬ್ಯಾಗು ಒಳಗೇ ಉಳಿಯಿತು, ಫೋನೊಂದೇ ಕೈಯಲ್ಲಿ, ಓಡಿದಳು, ಕೊಳ್ಳೇಗಾಲ ಕೊಳ್ಳೇಗಾಲ ಅಂತ ಕೂಗುತ್ತಿದ್ದ ಸರ್ಕಾರಿ ಬಸ್ಸು ಹತ್ತಿದಳು, ಆಧಾರ್ ತೋರ್ಸಮ್ಮ ಅಂದ ಕಂಡಕ್ಟರು, ಫೋನಿನಲ್ಲಿದ್ದ ಫೋಟೊ ತೋರಿಸಿದಳು, ಕಿಟಕಿಯಿಂದ ನೋಡಿದರೆ ಅವನು ಇಳಿದಿರಲಿಲ್ಲ, ಕೂಗಲಿಲ್ಲ, ಸೆಟ್ಟಿನಿಂದ ಪೆನ್‌ಡ್ರೈವು ಕಿತ್ತು ಕೈಯನ್ನು ಕಿಟಕಿಯಾಚೆ ಚಾಚಿದ್ದ, ಎರಡು ಬೆರಳ ನಡುವೆ ಅದು, ಬೇಕಾ ಅನ್ನುವ ಹಾಗೆ, ಅಜ್ಜಿ ಅದರಲ್ಲಿದ್ದಾಳೆ, ಬೇರೆಲ್ಲೂ ಇಲ್ಲ, ಬಸ್ಸು ಹೊರಟಿತು, ಹಿಂದಿನ ಗಾಜಿನಲ್ಲಿ ಕಾರು ನಿಧಾನಕ್ಕೆ ತಿರುಗಿಕೊಂಡಿತು, ಕೈ ಹೊರಗೇ ಇತ್ತು, ಅವ್ವನಿಗೆ ಫೋನು ಮಾಡಬೇಕು, ಬಾಗಿಲು ತೆಗೀಬೇಡ ಅನ್ನಬೇಕು, ಅವ್ವ ತೆಗೆಯುತ್ತಾಳೆ, ಕಾಫಿ ಕೊಡುತ್ತಾಳೆ, ತಿರುವಿನಲ್ಲಿ ಕಾರು ಕಾಣಲಿಲ್ಲ, ಹೋದ, ಬಿಟ್ಟು ಹೋದ, ತಿರುವು ಮುಗಿಯಿತು, ಕೈ, ಬಸ್ಸು ಜನ ಹತ್ತಿಸಿಕೊಳ್ಳಲು ನಿಂತರೆ ಕಾರೂ ನಿಂತಿತು, ಹೊರಟರೆ ಹೊರಟಿತು, ಮುಂದೆ ಹೋಗುವುದಿಲ್ಲ, ಹಿಂದೆಯೂ ಬೀಳುವುದಿಲ್ಲ, ಬಿಸಿಲಿನಲ್ಲಿ ಚಾಚಿದ ಆ ಕೈ, ಎರಡು ಬೆರಳು, ನಡುವೆ ಕಪ್ಪಗೆ ಅದು, ಕೈ —